11ಕ್ಕೆ ಆನಂದಿ, 14ಕ್ಕೆ ಸೊಸೆ: ಅವಿಕಾ ಗೋರ್ ಬಗ್ಗೆ ಮಾತಾಡೋಣ ಬನ್ನಿ

ಗದಗದ ಹುಡುಗಿ

ಎಲ್ಲರಿಗೂ ನಮಸ್ಕಾರ. 2025ರ ಸೆಪ್ಟೆಂಬರ್ 30ರಂದು ನಟಿ ಅವಿಕಾ ಗೋರ್ ಮದುವೆ ಆಯಿತು. ಹಿಂದಿಯ ಕಲರ್ಸ್ ವಾಹಿನಿಯ ರಿಯಾಲಿಟಿ ಶೋ ಸೆಟ್‌ನಲ್ಲೇ. ಆ ವಿಡಿಯೋ ನೋಡಿದಾಗಿನಿಂದ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಈ ಗುಂಪಿನಲ್ಲಿ ಸೀರಿಯಲ್ ಇಷ್ಟಪಡುವವರು ತುಂಬಾ ಜನ ಇದ್ದೀರಿ, ನಿಮ್ಮ ಹತ್ತಿರವೇ ಹೇಳಿಕೊಳ್ಳೋಣ ಅನ್ನಿಸಿತು.

2008ರ ಜುಲೈ 21ರಂದು ಕಲರ್ಸ್ ವಾಹಿನಿ ಶುರುವಾಯಿತು. ಅದೇ ದಿನ ಬಾಲ್ಯವಿವಾಹದ ಕಥೆಯ 'ಬಾಲಿಕಾ ವಧು' ಸೀರಿಯಲ್ ಕೂಡ ಶುರು. ರಾತ್ರಿ 8 ಗಂಟೆಗೆ. ನಮ್ಮ ಮನೆಯಲ್ಲಿ ಆಗ ಕೇಬಲ್ ಇರಲಿಲ್ಲ. ಓಣಿಯ ಕೊನೆ ಮನೆಯಲ್ಲಿ ಇತ್ತು. ಅಜ್ಜಿ ಎಲೆ ಅಡಿಕೆ ಚೀಲ ಹಿಡಿದುಕೊಂಡು ಅಲ್ಲಿಗೆ ಹೋಗುತ್ತಿದ್ದಳು, ಹಿಂದೆ ನಾನು. ಅಜ್ಜಿಗೆ ಹಿಂದಿ ಒಂದಕ್ಷರ ಬರುತ್ತಿರಲಿಲ್ಲ. ಆದರೂ ಅದರ ಪುಟ್ಟ ಮದುಮಗಳು ಆನಂದಿ ಬಂದಳೆಂದರೆ ಅಡಕತ್ತು ನಿಂತುಬಿಡುತ್ತಿತ್ತು. ಅರ್ಧ ಕತ್ತರಿಸಿದ ಅಡಿಕೆ ಹಾಗೇ ಬೆರಳ ನಡುವೆ. ಅಜ್ಜಿಗೆ ಮದುವೆ ಆಗಿದ್ದು 12ಕ್ಕೆ. "ಇದು ನಂದೇ ಕತಿ" ಅಂತ ಒಂದೇ ಒಂದು ಸಲ ಹೇಳಿದಳು. ಮತ್ತೆ ಆ ಬಗ್ಗೆ ಬಾಯಿ ಬಿಡಲಿಲ್ಲ.

ಅವಿಕಾ ಹುಟ್ಟಿದ್ದು 1997ರ ಜೂನ್ 30ರಂದು, ಮುಂಬೈನಲ್ಲಿ, ಗುಜರಾತಿ ಮನೆಯಲ್ಲಿ. ಆನಂದಿ ಆದಾಗ ಬರೀ 11 ವರ್ಷ. ಆ ದೊಡ್ಡ ಘಾಗ್ರಾ, ಹಣೆ ಮೇಲೆ ಗುಂಡನೆಯ ಬೋರ್ಲಾ ಒಡವೆ, ಮುಖದ ಮೇಲೆ ಸೆರಗು. ಸೆರಗಿನ ಕೆಳಗೆ ಆಟದ ಹುಡುಗಿಯ ಮುಖ. ಮದುವೆ ಅಂದರೆ ಹೊಸ ಬಟ್ಟೆ, ಸಿಹಿ ತಿಂಡಿ ಅಂದುಕೊಂಡ ಮಗು. ಆ ಮುಖವೇ ಇಡೀ ಸೀರಿಯಲ್ ಅನ್ನು ಹೊತ್ತುಕೊಂಡಿತ್ತು.

2010ರಲ್ಲಿ ಕಥೆ ಕೆಲವು ವರ್ಷ ಮುಂದೆ ಹಾರಿತು. ದೊಡ್ಡ ಆನಂದಿಯಾಗಿ ಪ್ರತ್ಯುಷಾ ಬ್ಯಾನರ್ಜಿ ಬಂದರು. ನನ್ನ ಪ್ರಶ್ನೆ ಇರುವುದು ಅದರ ಮುಂದಿನದರ ಬಗ್ಗೆ. 2011ರ ಏಪ್ರಿಲ್‌ನಲ್ಲಿ ಅದೇ ವಾಹಿನಿಯಲ್ಲಿ 'ಸಸುರಾಲ್ ಸಿಮರ್ ಕಾ' ಶುರುವಾಯಿತು. ಅವಿಕಾ ಅದರಲ್ಲಿ ರೋಲಿ. ಆ ರೋಲಿಗೂ ಮದುವೆ ಆಗುತ್ತದೆ, ಅಕ್ಕನ ಮೈದುನನ ಜೊತೆ. ತಾಳಿ, ಕುಂಕುಮ, ಅತ್ತೆ ಮನೆ, ಗಂಡನ ಜೊತೆ ಪ್ರೀತಿಯ ದೃಶ್ಯ, ಎಲ್ಲವೂ. ನಾನು ಅದನ್ನೂ ಬಿಡದೆ ನೋಡಿದೆ. ಒಂದು ದಿನವೂ ಏನೂ ಅನ್ನಿಸಲಿಲ್ಲ. ಮೊನ್ನೆ ಹಳೇ ತುಣುಕೊಂದು ಫೋನಿನಲ್ಲಿ ಬಂತು. ಸುಮ್ನೆ ಲೆಕ್ಕ ಹಾಕಿದೆ. ಆ ಸೀರಿಯಲ್ ಶುರುವಾದಾಗ ಅವಿಕಾಗೆ ಇನ್ನೂ 14 ತುಂಬಿರಲಿಲ್ಲ.

ನನ್ನ ಮಗಳಿಗೆ ಈಗ 14. ಒಂಬತ್ತನೇ ಕ್ಲಾಸು. ಪಕ್ಕದಲ್ಲೇ ಕೂತು ಗಣಿತ ಮಾಡುತ್ತಿದ್ದಳು. ಅವಳನ್ನು ನೋಡಿದೆ, ಫೋನ್ ನೋಡಿದೆ, ಎದೆ ಧಸಕ್ ಅಂದಿತು.

ಚಿಕ್ಕ ಹುಡುಗಿಗೆ ಮದುವೆ ಮಾಡಬೇಡಿ ಅಂತ ಮನೆಮನೆಗೆ ಹೇಳಿದ ಹುಡುಗಿ ಅವಳು. ಮೂರೇ ವರ್ಷಕ್ಕೆ ಅವಳನ್ನೇ ಸೊಸೆಯ ವೇಷದಲ್ಲಿ ನೋಡಿದ್ದೇವೆ. ನಮಗ್ಯಾರಿಗೂ ಅದು ಕಾಣಲಿಲ್ಲವಲ್ಲ, ಯಾಕೆ?

ಹೈದರಾಬಾದ್ ಕನ್ನಡಿಗ

ಅಕ್ಕ, ನಿಮ್ಮ ಸಂಕಟ ಅರ್ಥ ಆಗುತ್ತದೆ. ಆದರೆ ಅವಿಕಾರನ್ನು ಪಾಪದ ಹುಡುಗಿ ಅನ್ನುವ ಹಾಗೆ ನೋಡುವುದು ನನಗೆ ಸರಿ ಕಾಣುವುದಿಲ್ಲ. ಪಾತ್ರ ಬೇರೆ, ಬದುಕು ಬೇರೆ. ಬಾಲನಟರಲ್ಲಿ ಎಷ್ಟು ಜನ ಮುಂದೆ ನಿಂತಿದ್ದಾರೆ ಹೇಳಿ? ಇವರು ನಿಂತರು.

ಇಲ್ಲಿ ತೆಲುಗಿನಲ್ಲಿ 'ಬಾಲಿಕಾ ವಧು' ಡಬ್ ಆಗಿ 'ಚಿನ್ನಾರಿ ಪೆಳ್ಳಿಕೂತುರು', ಅಂದರೆ ಪುಟ್ಟ ಮದುಮಗಳು, ಅಂತ ಬರುತ್ತಿತ್ತು. ನಮ್ಮ ಅಪಾರ್ಟ್‌ಮೆಂಟ್‌ನ ವಾಚ್‌ಮನ್ ಮನೆಯಿಂದ ಹಿಡಿದು ಮೇಲಿನ ಮಹಡಿವರೆಗೆ ಅದೇ ಹಾಡು ಕೇಳುತ್ತಿತ್ತು. 2013ರ ಕ್ರಿಸ್‌ಮಸ್‌ಗೆ 'ಉಯ್ಯಾಲ ಜಂಪಾಲ' ಬಂತು. ರಾಜ್ ತರುಣ್ ಜೊತೆ ಅವಿಕಾ ನಾಯಕಿ. ಗೋದಾವರಿ ಕಡೆಯ ಹಳ್ಳಿ ಹುಡುಗಿ. ಥಿಯೇಟರ್‌ನಲ್ಲಿ ನನ್ನ ಪಕ್ಕ ಕೂತಿದ್ದ ಅಮ್ಮ, "ನಮ್ಮ ಪೆಳ್ಳಿಕೂತುರು ಎಷ್ಟು ದೊಡ್ಡವಳಾದಳು" ಅಂತ ತೆಲುಗಿನಲ್ಲಿ ಹೇಳಿ ಕಣ್ಣೊರೆಸಿಕೊಂಡರು. ಆಮೇಲೆ 'ಸಿನಿಮಾ ಚೂಪಿಸ್ತ ಮಾವ', 'ಎಕ್ಕಡಿಕಿ ಪೋತಾವು ಚಿನ್ನವಾಡ' ಬಂದವು. ಮುಂದೆ ತೆಲುಗಿನಲ್ಲಿ ನಿರ್ಮಾಪಕಿಯೂ ಆದರು.

ಕನ್ನಡದವರು ಮರೆಯಬಾರದ ಇನ್ನೊಂದು ಮಾತು. 2015ರ 'ಕೇರ್ ಆಫ್ ಫುಟ್‌ಪಾತ್ 2' ಚಿತ್ರದಲ್ಲೂ ಅವಿಕಾ ಇದ್ದಾರೆ. ಅದನ್ನು ಮಾಡಿದ್ದು ನಮ್ಮ ಕಿಶನ್, ಬಾಲಕನಾಗಿದ್ದಾಗಲೇ ಸಿನಿಮಾ ನಿರ್ದೇಶಿಸಿ ಗಿನ್ನೆಸ್ ದಾಖಲೆ ಮಾಡಿದವರು. ಚಿಕ್ಕ ವಯಸ್ಸಿಗೇ ದೊಡ್ಡವರ ಕೆಲಸ ಹೊತ್ತ ಇಬ್ಬರೂ ಒಂದೇ ಸಿನಿಮಾದಲ್ಲಿ.

ಗದಗದ ಹುಡುಗಿ

ಅಣ್ಣ, ಅವರು ನಿಂತರು ಅನ್ನುವುದರಲ್ಲಿ ಎರಡು ಮಾತಿಲ್ಲ. ನನಗೆ ಅವರ ಮೇಲೆ ಅಭಿಮಾನ ಜಾಸ್ತಿಯೇ ಆಗಿದೆ. ಪ್ರಶ್ನೆ ನಮ್ಮ ಬಗ್ಗೆ. ನೋಡುವವರ ಬಗ್ಗೆ. 'ಉಯ್ಯಾಲ ಜಂಪಾಲ' ಬಂದಾಗಲೂ ಅವರಿಗೆ 16.

ಅಂಗನವಾಡಿ ಟೀಚರ್

ನಾನು ಬಾಗಲಕೋಟೆ ಜಿಲ್ಲೆಯವಳು. ಈ ಕೆಲಸಕ್ಕೆ ಸೇರಿ 19 ವರ್ಷ. ನನ್ನ ಕಡೆಯಿಂದ ಎರಡು ಮಾತು.

ಬಾಲ್ಯವಿವಾಹ ನಿಷೇಧ ಕಾಯ್ದೆ ಬಂದಿದ್ದು 2006ರಲ್ಲಿ, ಜಾರಿಗೆ ಬಂದಿದ್ದು 2007ರ ನವೆಂಬರ್‌ನಲ್ಲಿ. ಸೀರಿಯಲ್ ಶುರುವಾಗಿದ್ದು ಎಂಟೊಂಬತ್ತು ತಿಂಗಳ ನಂತರ. ಅಂದರೆ ನಾವು ಹೊಸ ಕಾನೂನಿನ ಕರಪತ್ರ ಹಿಡಿದು ಮನೆಮನೆ ತಿರುಗುತ್ತಿದ್ದ ಕಾಲ ಅದು. ಕರಪತ್ರ ಯಾರು ಓದುತ್ತಾರೆ? ಆನಂದಿಯನ್ನು ಮಾತ್ರ ಎಲ್ಲರೂ ನೋಡಿದ್ದರು. ಆನಂದಿ ಹೆಸರೆತ್ತಿದರೆ ಹೆಂಗಸರು ಒಲೆ ಆರಿಸಿ ಹೊರಗೆ ಬಂದು ಕೂರುತ್ತಿದ್ದರು. ಕಂತಿನ ಕೊನೆಯಲ್ಲಿ ಪರದೆ ಮೇಲೆ ಎರಡು ಸಾಲಿನ ಸಂದೇಶ ಬರುತ್ತಿತ್ತು, ನೆನಪಿದೆಯಾ? ಹಿಂದಿ ಓದಲು ಬರುವ ಹುಡುಗಿಯರು ಅದನ್ನು ಅಮ್ಮಂದಿರಿಗೆ ಬಿಡಿಸಿ ಹೇಳುತ್ತಿದ್ದರು.

ಆದರೆ ಇನ್ನೊಂದನ್ನೂ ನೋಡಿದ್ದೇನೆ. ನನ್ನ ಕೇಂದ್ರದ ಪುಟ್ಟ ಹುಡುಗಿಯರು ಓಢಣಿಯನ್ನು ಸೆರಗು ಮಾಡಿಕೊಂಡು ಆನಂದಿ ಆಟ ಆಡುತ್ತಿದ್ದರು. ಒಬ್ಬಳು ಆನಂದಿ, ಒಬ್ಬಳು ದಾದೀಸಾ, ಅಂದರೆ ಆನಂದಿ ಗಂಡನ ಅಜ್ಜಿ. ಆನಂದಿ ಆಗಲು ಜಗಳ. ಅವರಿಗೆ ಕಂಡಿದ್ದು ಒಡವೆ, ಮೆಹಂದಿ. ಚಿಕ್ಕ ಮದುಮಗಳು ಎಷ್ಟು ಚಂದ ಅಂತಲೇ ಮನಸ್ಸಿಗೆ ಹೋಗುತ್ತದೆ, ತಪ್ಪು ಅನ್ನುವುದು ಆಮೇಲೆ ತಿಳಿಯಬೇಕು. 2009ರಲ್ಲಿ ಲೋಕಸಭೆಯಲ್ಲೂ ಈ ಸೀರಿಯಲ್ ವಿರುದ್ಧ ಮಾತು ಬಂದಿತ್ತು. ನಿಲ್ಲಿಸಬೇಕು ಅನ್ನುವುದು ನನಗೆ ಆಗಲೂ ಒಪ್ಪಿಗೆ ಇರಲಿಲ್ಲ, ಈಗಲೂ ಇಲ್ಲ. ಆ ಸೀರಿಯಲ್ ನಮಗೆ ಮಾತಾಡಲು ಬಾಯಿ ಕೊಟ್ಟಿತು. ಆದರೆ ಗದಗದ ಅಕ್ಕ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದೇ. ಆ ಮುಖವನ್ನು ಮದುಮಗಳಾಗಿ ದಿನಾ ನೋಡಿ ನೋಡಿ ನಮ್ಮ ಕಣ್ಣಿಗೆ ಅಭ್ಯಾಸ ಆಗಿಹೋಗಿತ್ತು. ರೋಲಿಯಾಗಿ ಬಂದಾಗ ವಯಸ್ಸು ಎಷ್ಟು ಅಂತ ಯಾರು ಕೇಳುತ್ತಾರೆ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, 2005-06ರಲ್ಲಿ ದೇಶದ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 47 ಮಂದಿಗೆ 18 ತುಂಬುವ ಮೊದಲೇ ಮದುವೆ ಆಗಿತ್ತು. 2019-21ಕ್ಕೆ ಅದು ಶೇ. 23ಕ್ಕೆ ಇಳಿಯಿತು. ಕರ್ನಾಟಕದಲ್ಲಿ ಶೇ. 21ರ ಹತ್ತಿರ. ನಮ್ಮಲ್ಲಿ 2016ರ ತಿದ್ದುಪಡಿಯಿಂದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಅಷ್ಟಾದರೂ ಪ್ರತಿ ಬೇಸಿಗೆ ನನ್ನ ಫೋನ್ ಆಫ್ ಆಗದ ಹಾಗೆ ನೋಡಿಕೊಳ್ಳುತ್ತೇನೆ. ಮಕ್ಕಳ ಸಹಾಯವಾಣಿ 1098ಕ್ಕೆ ಹುಡುಗಿಯೇ ಕರೆ ಮಾಡಿ ತನ್ನ ಮದುವೆ ನಿಲ್ಲಿಸಿಕೊಂಡಿದ್ದನ್ನು ನೋಡಿದ್ದೇನೆ. ಅವಳ ಕೈಯಲ್ಲಿ ಮೆಹಂದಿ ಹಸಿಯಾಗಿತ್ತು. ಬೆರಳಿಗೆ ತಾಗದ ಹಾಗೆ ಫೋನನ್ನು ಅಂಗೈ ತುದಿಯಲ್ಲಿ ಹಿಡಿದಿದ್ದಳು.

ಸೆಟ್ಟಿನ ಹುಡುಗ

ಟೀಚರ್, ನಿಮಗೆ ದೊಡ್ಡ ನಮಸ್ಕಾರ.

ನಾನು ಬೆಂಗಳೂರಿನಲ್ಲಿ ಸೀರಿಯಲ್‌ಗಳಿಗೆ ಅಸಿಸ್ಟೆಂಟ್ ಡೈರೆಕ್ಟರ್. ಅವಿಕಾ ಜೊತೆ ಕೆಲಸ ಮಾಡಿಲ್ಲ, ಆದರೆ ಮಕ್ಕಳ ಜೊತೆ ಬೇಕಾದಷ್ಟು ಮಾಡಿದ್ದೇನೆ. 13-14ರ ಹುಡುಗಿ ಸೊಸೆ ಪಾತ್ರಕ್ಕೆ ಹೇಗೆ ಬರುತ್ತಾಳೆ ಅಂತ ಹೇಳುತ್ತೇನೆ.

ನಮ್ಮ ಸೀರಿಯಲ್ ಲೋಕದಲ್ಲಿ 6ರಿಂದ 11ರ ಮಗುವಿಗೆ ಪಾತ್ರ ಇದೆ. 18 ದಾಟಿದವರಿಗೆ ಇದೆ. ನಡುವೆ ಏನೂ ಇಲ್ಲ. ಮುದ್ದು ಮಗುವೂ ಅಲ್ಲ, ನಾಯಕಿಯೂ ಅಲ್ಲ. ಆ ಆರೇಳು ವರ್ಷದಲ್ಲಿ ಜನ ಮುಖ ಮರೆಯುತ್ತಾರೆ. ಹಾಗಾಗಿ ಮನೆಯವರಿಗೂ ಗಾಬರಿ, ವಾಹಿನಿಗೂ ಆತುರ. ತೆರೆದಿರುವುದು ಒಂದೇ ಬಾಗಿಲು, ಸೊಸೆಯದು. ಸೀರೆ ಉಡಿಸಿ, ಕೂದಲು ಎತ್ತಿ ಕಟ್ಟಿ, ಕಾಡಿಗೆ ಸ್ವಲ್ಪ ಗಾಢ ಮಾಡಿದರೆ ಕ್ಯಾಮೆರಾದಲ್ಲಿ ನಾಲ್ಕು ವರ್ಷ ಸಲೀಸಾಗಿ ಏರುತ್ತದೆ. ನಿಮಗೆ ಕಾಣಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ ಅಕ್ಕ. ಕಾಣದ ಹಾಗೆ ಮಾಡುವುದೇ ನಮ್ಮ ಕೆಲಸ.

ಡೈಲಿ ಸೀರಿಯಲ್‌ನ ಒತ್ತಡವೂ ಗೊತ್ತಿರಲಿ. ಕೈಯಲ್ಲಿ ಶೂಟ್ ಆಗಿರುವ ಕಂತುಗಳಿಗೆ ಬ್ಯಾಂಕಿಂಗ್ ಅನ್ನುತ್ತೇವೆ. ಅದು ಖಾಲಿಯಾದರೆ ರಾತ್ರಿಗೆ ಹಾಕಲು ಏನೂ ಇಲ್ಲ. 2008ರ ನವೆಂಬರ್‌ನಲ್ಲಿ ಮುಂಬೈನಲ್ಲಿ ಕಾರ್ಮಿಕರ ಮುಷ್ಕರ ಆಯಿತಲ್ಲ, ಆಗ ದೊಡ್ಡ ದೊಡ್ಡ ವಾಹಿನಿಗಳೆಲ್ಲ ಹಳೇ ಕಂತು ಹಾಕಬೇಕಾಯಿತು. ಮುಖ್ಯ ಪಾತ್ರ ಮಗುವಿನದಾದರೆ ಆ ಭಾರ ಮಗುವಿನ ಮೇಲೇ ಬೀಳುತ್ತದೆ. ನಾನು ಕೆಲಸ ಮಾಡಿದ ಒಂದು ಸೆಟ್‌ನಲ್ಲಿ ಹುಡುಗಿಯೊಬ್ಬಳು ಪ್ಲಾಸ್ಟಿಕ್ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು. ಬೈತಲೆ ಬೊಟ್ಟು ಒಂದು ಕಡೆ ಜಾರಿತ್ತು. ಮೇಕಪ್ ಅಣ್ಣ ಎಬ್ಬಿಸಲು ಮನಸ್ಸಿಲ್ಲದೆ, ನಿದ್ದೆಯಲ್ಲಿದ್ದಾಗಲೇ ಬೊಟ್ಟು ಸರಿಮಾಡಿ, ಪಿನ್ ಚುಚ್ಚದ ಹಾಗೆ ಬೆರಳು ಅಡ್ಡ ಇಟ್ಟು ಸಿಕ್ಕಿಸಿದರು. ಗಂಟೆ ರಾತ್ರಿ ಒಂಬತ್ತೂವರೆ. ಅವಳ ಚೀಲದಲ್ಲಿ ಸಮಾಜ ವಿಜ್ಞಾನದ ನೋಟ್ಸ್ ಇತ್ತು. ಅವಳನ್ನು ಎಬ್ಬಿಸಿ ಶಾಟ್‌ಗೆ ಕರೆದುಕೊಂಡು ಹೋದವನು ನಾನೇ. ಅದು ನನಗೆ ಈಗಲೂ ಚುಚ್ಚುತ್ತದೆ.

ರಂಗದ ಗೆಳೆಯ

ಸುರೇಖಾ ಸಿಕ್ರಿ ಹೆಸರು ಬಾರದೆ ಈ ಮಾತು ಪೂರ್ತಿ ಆಗುವುದಿಲ್ಲ. ದಾದೀಸಾ ಕಲ್ಯಾಣಿ ದೇವಿ. ರಾಷ್ಟ್ರೀಯ ನಾಟಕ ಶಾಲೆಯ ಕಲಾವಿದೆ. 'ತಮಸ್', 'ಮಮ್ಮೋ', 'ಬಧಾಯಿ ಹೋ' ಮೂರಕ್ಕೂ ಪೋಷಕ ನಟಿ ರಾಷ್ಟ್ರಪ್ರಶಸ್ತಿ. ಅಂಥವರ ಎದುರು 11ರ ಹುಡುಗಿ ದಿನಾ ನಿಲ್ಲಬೇಕು. ಎಷ್ಟೋ ದೃಶ್ಯಗಳಲ್ಲಿ ಸುರೇಖಾ ದನಿ ಏರಿಸುತ್ತಿರಲಿಲ್ಲ, ಗಮನಿಸಿದ್ದೀರಾ? ಮೆಲ್ಲಗೆ ಕತ್ತು ತಿರುಗಿಸಿ ನೋಡುತ್ತಿದ್ದರು, ಅಷ್ಟೇ. ಆ ನೋಟಕ್ಕೆ ಅವಿಕಾ ಮಾಡುತ್ತಿದ್ದದ್ದು ಇನ್ನೂ ಚಿಕ್ಕ ಕೆಲಸ. ಉಸಿರು ಬಿಗಿ ಹಿಡಿಯುತ್ತಿದ್ದಳು. ನಾಟಕ ಕಲಿಸುವಾಗ ಮಕ್ಕಳಿಗೆ ಆ ದೃಶ್ಯಗಳನ್ನು ತೋರಿಸಿದ್ದೇನೆ. ಅಳುವುದು ಸುಲಭ. ಅಳು ಬರುವ ಮುಂಚಿನ ಕ್ಷಣ ಮಾಡುವುದು ಕಷ್ಟ. ಅದನ್ನು ಯಾವ ಶಾಲೆಯಲ್ಲೂ ಕಲಿಯದೆ ಮಾಡಿದಳು.

2021ರ ಜುಲೈನಲ್ಲಿ ಸುರೇಖಾ ಹೋದರು. ಆನಂದಿಯ ಎರಡನೇ ಗಂಡ ಶಿವ್ ಪಾತ್ರ ಮಾಡಿದ ಸಿದ್ಧಾರ್ಥ್ ಶುಕ್ಲಾ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ. ಪ್ರತ್ಯುಷಾ 2016ರಲ್ಲೇ. ಆ ಸೀರಿಯಲ್ ಈಗ ನೋಡಲು ಕುಳಿತರೆ ಎದೆ ಭಾರವಾಗುತ್ತದೆ.

ಹೈದರಾಬಾದ್ ಕನ್ನಡಿಗ

ಪ್ರತ್ಯುಷಾ ವಿಷಯ ನೆನೆದರೆ ಈಗಲೂ ಸಂಕಟ. 24 ವರ್ಷ ಆಗಿತ್ತು ಅಷ್ಟೇ.

98ರ ಬ್ಯಾಚ್

ನಾನು ಅವಿಕಾಗಿಂತ ಒಂದು ವರ್ಷ ಚಿಕ್ಕವಳು. ಅವರ ಜೊತೆಯಲ್ಲೇ ಬೆಳೆದೆ ಅನ್ನಬಹುದು. ಆರನೇ ಕ್ಲಾಸಿನಲ್ಲಿ ಆನಂದಿ ಥರ ಎರಡು ಜಡೆ, ಕಾಲೇಜಿಗೆ ಬಂದಾಗ ಟಿವಿಯಲ್ಲಿ ರೋಲಿ.

ನನಗೆ ಅವರು ನಿಜವಾಗಿ ಹತ್ತಿರ ಆಗಿದ್ದು 2020ರ ಅಕ್ಟೋಬರ್‌ನಲ್ಲಿ. ಇನ್‌ಸ್ಟಾಗ್ರಾಂನಲ್ಲಿ ಒಂದು ಬರಹ ಹಾಕಿದ್ದರು. ಹಿಂದಿನ ವರ್ಷ ಒಂದು ರಾತ್ರಿ ಕನ್ನಡಿ ನೋಡಿ ಕುಸಿದು ಅತ್ತೆ, ನನ್ನ ದೇಹ ನನಗೇ ಇಷ್ಟ ಆಗಲಿಲ್ಲ, ಅದನ್ನು ನಾನು ಗೌರವದಿಂದ ನೋಡಿಕೊಂಡಿರಲಿಲ್ಲ ಅನ್ನುವ ಅರ್ಥದ ಮಾತುಗಳು. ಆಮೇಲೆ 13 ಕಿಲೋ ಇಳಿಸಿದ್ದರು. ಎಲ್ಲರೂ ಆ 13 ಕಿಲೋ ಬಗ್ಗೆಯೇ ಮಾತಾಡಿದರು. ನನಗೆ ಕಂಡಿದ್ದು ಬೇರೆ. 11ರಿಂದ ಬೇರೆಯವರು ಹೇಳಿದ ವಯಸ್ಸಿನ ದೇಹವನ್ನೇ ತೋರಿಸುತ್ತಾ ಬಂದ ಹುಡುಗಿ, ಮೊದಲ ಸಲ ಕನ್ನಡಿಯಲ್ಲಿ ತನ್ನನ್ನು ತಾನೇ ನೋಡಿಕೊಂಡಳು. ನಾನೂ ಆಗ ದಪ್ಪ ಅಂತ ಫೋಟೋಗೆ ನಿಲ್ಲುತ್ತಿರಲಿಲ್ಲ. ಅಕ್ಕನ ಮದುವೆ ಆಲ್ಬಂನಲ್ಲಿ ನಾನು ಒಂದೇ ಫೋಟೋದಲ್ಲಿದ್ದೇನೆ, ಅದೂ ಅತ್ತೆಯ ಹಿಂದೆ. ಆ ಬರಹ ಓದಿ ಅವತ್ತು ಸಂಜೆ ಅಮ್ಮನ ಜೊತೆ ಒಂದು ಫೋಟೋ ತೆಗೆಸಿಕೊಂಡೆ.

ಮಲ್ಲೇಶ್ವರಂ ಮನೆ

ಕನ್ನಡದ ಮಾತು ಬಿಟ್ಟೇ ಹೋಯಿತಲ್ಲ! ಆ ಕಾಲಕ್ಕೆ ಕನ್ನಡ ಟಿವಿಯಲ್ಲಿ ಡಬ್ಬಿಂಗ್ ನಡೆಯುತ್ತಿರಲಿಲ್ಲ. ತಮಿಳು, ತೆಲುಗಿನವರಿಗೆ ಅವಿಕಾ ಮುಖವೇ ತಲುಪಿತು. ನಮಗೆ ನಮ್ಮದೇ ಹುಡುಗಿ ಬೇಕಾಯಿತು. 2012ರ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡದಲ್ಲಿ ಅದೇ ಬಾಲ್ಯವಿವಾಹದ ಕಥೆಯ 'ಪುಟ್ಟಗೌರಿ ಮದುವೆ' ಬಂತು, ರಾಮ್‌ಜಿ ನಿರ್ದೇಶನ. ಪುಟ್ಟ ಗೌರಿಯಾಗಿ ಸಾನ್ಯಾ ಅಯ್ಯರ್, ಅಜ್ಜಮ್ಮನಾಗಿ ಚಂದ್ರಕಲಾ ಮೋಹನ್. ದೊಡ್ಡ ಗೌರಿ ರಂಜನಿ ರಾಘವನ್. ಸಾನ್ಯಾ ಮುಂದೆ ಬಿಗ್ ಬಾಸ್‌ಗೆ ಹೋದರು, 2024ರಲ್ಲಿ ಸಿನಿಮಾ ನಾಯಕಿ ಆದರು. ಅವರು ಗೌರಿ ಪಾತ್ರ ಮುಗಿಸಿ, ನಡುವೆ ಬೆಳೆದು, ಆಮೇಲೆ ನಾಯಕಿ ಆಗಿದ್ದು ನನಗೆ ತುಂಬಾ ಸಮಾಧಾನದ ವಿಷಯ.

ಸೊಸೆ ಪಾತ್ರದ ವಿಷಯಕ್ಕೆ ಬಂದರೆ ಮುಂಬೈಯನ್ನು ಮಾತ್ರ ಬೆರಳು ಮಾಡುವುದು ಬೇಡ. 2007ರಲ್ಲಿ 'ಚೆಲುವಿನ ಚಿತ್ತಾರ' ಬಂದಾಗ ಅದರ ನಾಯಕಿ ಅಮೂಲ್ಯಗೆ 14 ಕೂಡ ತುಂಬಿರಲಿಲ್ಲ. ನಾವೆಲ್ಲ ಶಿಳ್ಳೆ ಹೊಡೆದು ನೋಡಿದ್ದೇವೆ. ನಾನೂ ಹೊಡೆದಿದ್ದೇನೆ.

ಗದಗದ ಹುಡುಗಿ

ಹೌದು ಸರ್. ಅದೂ ನನಗೆ ಹೊಳೆದಿರಲಿಲ್ಲ. ಆದರೆ ಜನ ಮಾತಾಡಿದರೆ ಬದಲಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. 2017ರಲ್ಲಿ ಸೋನಿಯಲ್ಲಿ 9 ವರ್ಷದ ಹುಡುಗನಿಗೆ 18ರ ಹುಡುಗಿ ಜೊತೆ ಮದುವೆ ಮಾಡಿಸಿದ 'ಪೆಹ್ರೇದಾರ್ ಪಿಯಾ ಕೀ' ಬಂತು. ಗಲಾಟೆ ಆಯಿತು. ಮೊದಲು ಸಮಯ ಬದಲಾಯಿತು, ಶುರುವಾದ ಮುಂದಿನ ತಿಂಗಳೇ ಸೀರಿಯಲ್ ನಿಂತಿತು.

ಮೈಸೂರಿನ ಅಮ್ಮ

ಇಷ್ಟು ದಿನ ಓದುತ್ತಿದ್ದೆ, ಬರೆಯುವ ಧೈರ್ಯ ಇರಲಿಲ್ಲ. ಸೆಟ್ಟಿನ ಅಣ್ಣನಿಗೆ ಒಂದು ಪ್ರಶ್ನೆ. ನನ್ನ ಮಗಳಿಗೆ 9. ಶಾಲೆಯ ನಾಟಕದಲ್ಲಿ ನೋಡಿ ಯಾರೋ ನಂಬರ್ ತೆಗೆದುಕೊಂಡರು. ಈಗ ಒಂದು ಡೈಲಿ ಸೀರಿಯಲ್ ಆಡಿಷನ್‌ಗೆ ಕರೆದಿದ್ದಾರೆ. ಅವಳು ಕುಣಿಯುತ್ತಿದ್ದಾಳೆ. ಅವರಪ್ಪ ಬೇಡ ಅನ್ನುತ್ತಾರೆ. ನನಗೆ ಎರಡೂ ಕಡೆ ಮನಸ್ಸು. ಏನು ಕೇಳಬೇಕು ಅವರನ್ನು?

ಸೆಟ್ಟಿನ ಹುಡುಗ

ಅಮ್ಮ, ಬೇಡ ಅಂತ ನಾನು ಹೇಳುವುದಿಲ್ಲ. ಖುಷಿಯಿಂದ ಮಾಡುವ ಮಕ್ಕಳನ್ನು ನೋಡಿದ್ದೇನೆ. ಆದರೆ ಹೀಗೆ ಕೇಳಿ.

ಆನಂದಿ ಕಾಲದಲ್ಲಿ ಇಷ್ಟು ಸ್ಪಷ್ಟವಾದ ನಿಯಮ ಇರಲಿಲ್ಲ. ಈಗ ಇದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ, 2017ರಲ್ಲಿ ನಿಯಮ ಬಂತು. ಮಗುವನ್ನು ನಟನೆಗೆ ತೆಗೆದುಕೊಳ್ಳುವ ನಿರ್ಮಾಪಕರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ತೆಗೆದುಕೊಂಡಿರಬೇಕು. ಆ ಪತ್ರ ತೋರಿಸಿ ಅಂತ ಮೊದಲೇ ಕೇಳಿ. ಮಗು ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ, ಬಿಡುವಿಲ್ಲದೆ 3 ಗಂಟೆ ಮೀರುವಂತಿಲ್ಲ. ಸತತ 27 ದಿನ ದಾಟುವಂತಿಲ್ಲ. ಸಂಪಾದನೆಯಲ್ಲಿ ಕನಿಷ್ಠ ಶೇ. 20 ಮಗುವಿನ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಓದು ನಿಲ್ಲಬಾರದು.

ಇದಿಷ್ಟು ಕಾಗದದ ಮೇಲಿನದು. ಇನ್ನು ನನ್ನ ಮಾತು. ನೀವು ಸೆಟ್‌ನಲ್ಲೇ ಇರಿ, ಮಾನಿಟರ್ ಕಾಣುವ ಜಾಗದಲ್ಲಿ ಕೂರಿ. ಕಾಲ್‌ಶೀಟ್‌ನ ಸಮಯವನ್ನು ದಿನಾ ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಡಿ, ಬಂದಿದ್ದು ಎಷ್ಟಕ್ಕೆ, ಬಿಟ್ಟಿದ್ದು ಎಷ್ಟಕ್ಕೆ. ಅಳುವ ದೃಶ್ಯಕ್ಕೆ ಗ್ಲಿಸರಿನ್ ಹಾಕುತ್ತಾರಾ, ಬೈದು ಅಳಿಸುತ್ತಾರಾ ಅಂತ ನೋಡಿ. ಬೈದರೆ ಅವತ್ತೇ ಎದ್ದು ಬನ್ನಿ. ಮುಂದೆ ಕಥೆ ಎಲ್ಲಿಗೆ ಹೋಗುತ್ತದೆ ಅಂತಲೂ ಕೇಳಿ. ಮೊದಲ ತಿಂಗಳು ಶಾಲೆ ಹುಡುಗಿ, ಮೂರನೇ ತಿಂಗಳು ಇನ್ನೇನೋ ಆಗಿರುತ್ತದೆ.

ಅಂಗನವಾಡಿ ಟೀಚರ್

ತಂಗಿ, ಮಗಳನ್ನೂ ಕೇಳಿ. ಯಾವಾಗ ಬೇಕಾದರೂ ಬಿಟ್ಟು ಬರಬಹುದು ಅಂತ ಅವಳಿಗೆ ಗೊತ್ತಿರಲಿ.

98ರ ಬ್ಯಾಚ್

ಗದಗದ ಅಕ್ಕ, ಮದುವೆ ವಿಡಿಯೋ ಬಗ್ಗೆ ನೀವು ಮೊದಲಿಗೆ ಹೇಳಿ ಹಾಗೇ ಬಿಟ್ಟಿರಿ. ನಿಮಗೆ ಏನನ್ನಿಸಿತು? ನನಗೆ ಮೊದಲು ಕಸಿವಿಸಿ ಆಯಿತು, ಮತ್ತೆ ಕ್ಯಾಮೆರಾ ಮುಂದೆಯೇ ಯಾಕೆ ಅಂತ.

ಗದಗದ ಹುಡುಗಿ

ನನಗೂ ಹಾಗೇ ಆಯಿತು ತಂಗಿ. ಆಮೇಲೆ ಇನ್ನೊಂದು ಸಲ ನೋಡಿದೆ. 28 ವರ್ಷದ ಹೆಣ್ಣು. ತಾನೇ ಆರಿಸಿಕೊಂಡ ಹುಡುಗ, ತಾನೇ ಆರಿಸಿಕೊಂಡ ಜಾಗ. ಕೆಂಪು ಲೆಹಂಗಾ. ತಲೆ ಮೇಲೆ ಸೆರಗು ಇತ್ತು, ಆದರೆ ಮುಖ ಮುಚ್ಚಿರಲಿಲ್ಲ. ಬಾಯಿ ತುಂಬಾ ನಗು. ಜಗತ್ತು ಅವಳನ್ನು ಮೊದಲು ಮದುಮಗಳಾಗಿ ನೋಡಿದ್ದೂ ಅದೇ ವಾಹಿನಿಯಲ್ಲಿ. ಈ ಸಲ ಬರೆದುಕೊಟ್ಟ ಮಾತು ಇರಲಿಲ್ಲ ಅನ್ನಿಸಿತು ನನಗೆ. ಅಜ್ಜಿ ಇದ್ದಿದ್ದರೆ ತೋರಿಸುತ್ತಿದ್ದೆ. ಹೋಗಿ ಆರು ವರ್ಷ ಆಯಿತು. ಅಡಕತ್ತು ನನ್ನ ಹತ್ತಿರ ಇದೆ.

ಮೈಸೂರಿನ ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬೆಳಗ್ಗೆ ಫೋನ್ ಮಾಡಿ ಅನುಮತಿ ಪತ್ರದ ಬಗ್ಗೆ ಕೇಳಿದೆ. "ಅದೆಲ್ಲ ಆಮೇಲೆ ನೋಡೋಣ ಮೇಡಂ, ಮೊದಲು ಪಾಪುನ ಕರೆದುಕೊಂಡು ಬನ್ನಿ" ಅಂದರು. ಪತ್ರ ಕಳಿಸಿ, ಆಮೇಲೆ ಬರುತ್ತೇವೆ ಅಂದಿದ್ದೇನೆ. ಇನ್ನೂ ಬಂದಿಲ್ಲ. ಮಗಳು ಎರಡು ಸಲ ಬಂದು ಫೋನ್ ನೋಡಿ ಹೋದಳು.